ಪಯಣದ ಪುಟ: ಕಾರಿಲ್ಲದೆ ತ್ರಿಪುರಕ್ಕೆ



ಕಳೆದ ವರ್ಷದ ಶ್ರಾವಣದಲ್ಲಿ ನಮ್ಮ ಯಜಮಾನರ ಕಣ್ಣುಗಳನ್ನು ಪರೀಕ್ಷಿಸಿದ ವೈದ್ಯರು, ಇನ್ನು ಮುಂದೆ ಅವರು ವಾಹನ ನಡೆಸಕೂಡದೆಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಹದಿನೆಂಟು ವರ್ಷಗಳ ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯನ್ನು ಹಾಳುಮಾಡಿತ್ತು. ದೊಡ್ಡ ಆಕೃತಿಗಳು ಕಾಣುತ್ತವೆ. ಎದುರಿಗೆ ನಿಂತವರ ಮುಖ, ಬಸ್ಸಿನ ಫಲಕ, ಪತ್ರಿಕೆಯ ಅಕ್ಷರ ಮಾತ್ರ ಮಸುಕು. ಮೂವತ್ತು ವರ್ಷಗಳ ಕಾಲ ಶ್ರೀಶೈಲ, ಕೂಡಲಸಂಗಮ, ಉಳವಿಗಳಿಗೆ ನಮ್ಮನ್ನೆಲ್ಲ ಸ್ವತಃ ಕರೆದೊಯ್ದವರು ಅವರು. ಆ ದಿನ ಆಸ್ಪತ್ರೆಯಿಂದ ಆಟೋದಲ್ಲಿ ಮನೆಗೆ ಬಂದವರೇ ಕಾರಿಗೆ ಹೊದಿಕೆ ಹೊದಿಸಿ, "ಇಲ್ಲಿಗೆ ನಮ್ಮ ತಿರುಗಾಟ ಮುಗಿಯಿತು" ಎಂದರು. ಮಗ ತನ್ನ ಕಾರಿನಲ್ಲಿ ಕರೆದೊಯ್ಯುವೆನೆಂದರೂ ಒಪ್ಪಲಿಲ್ಲ. "ಅವನ ರಜೆ ಕಾಯ್ದು, ಅವನ ಮುಖ ನೋಡಿ ಊರು ನೋಡುವುದು ಬೇಡ" ಎಂಬುದು ಅವರ ಹಟ. ಕಾರನ್ನು ಮಾರಲೂ ಒಪ್ಪರು, ಬಸ್ಸನ್ನೇರಲೂ ಒಪ್ಪರು. ಹೀಗೆ ನಾಲ್ಕು ಗೋಡೆಗಳ ನಡುವೆ ಕುಳಿತ ಹಿರಿಯರು ನಿಮ್ಮಲ್ಲಿಯೂ ಅನೇಕರ ಮನೆಗಳಲ್ಲಿ ಇರಬಹುದು. ಅಂಥವರಿಗಾಗಿ ಈ ತಿಂಗಳ ಲೇಖನ.

ತ್ರಿಪುರದ ಹೆಸರು ನಮ್ಮ ಮನೆಯಲ್ಲಿ ಕೇಳಿಬಂದದ್ದು ತೀರ ಆಕಸ್ಮಿಕವಾಗಿ. ಬೆಂಗಳೂರಿನಲ್ಲಿ ಮಗನಿರುವ ವಸತಿ ಸಮುಚ್ಚಯದ ಬಾಗಿಲು ಕಾಯುವ ಹುಡುಗನೊಬ್ಬನು ಎರಡು ವರ್ಷಗಳಿಂದ ನಮಗೆ ನಮಸ್ಕರಿಸುತ್ತಿದ್ದನು. ಅವನ ಊರು ಯಾವುದೆಂದು ನಾವು ಒಂದು ದಿನವೂ ಕೇಳಿರಲಿಲ್ಲ; ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಹೊರಗೆ ಹೋಗಲು ಮನಸ್ಸಿಲ್ಲದೆ ಗೇಟಿನ ಬಳಿಯ ಕುರ್ಚಿಯಲ್ಲಿ ಕುಳಿತುಕೊಳ್ಳಲಾರಂಭಿಸಿದ ಯಜಮಾನರೇ ಒಮ್ಮೆ ಕೇಳಿದರು. ತ್ರಿಪುರದ ಧರ್ಮನಗರದ ಹತ್ತಿರವೆಂದೂ, ಬೆಂಗಳೂರಿನಿಂದ ಅಗರ್ತಲಾಕ್ಕೆ ನೇರವಾದ ರೈಲೊಂದಿದೆಯೆಂದೂ, ಅದರಲ್ಲಿ ಮೂರು ರಾತ್ರಿ ಕಳೆದರೆ ತನ್ನ ಸೀಮೆ ಬರುವುದೆಂದೂ ಆ ಹುಡುಗನು ಹರಕು ಕನ್ನಡದಲ್ಲಿ ಹೇಳಿದನು. ಆ ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರು, "ಆ ರಾಜ್ಯ ಎಷ್ಟು ದೊಡ್ಡದು, ಸ್ವಲ್ಪ ನೋಡು" ಎಂದರು. ಮೂರು ತಿಂಗಳಲ್ಲಿ ಅವರಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು.

ನೋಡಿದೆ. 10,486 ಚದರ ಕಿಲೋಮೀಟರು. ನಮ್ಮ ಬೆಳಗಾವಿ ಜಿಲ್ಲೆಗಿಂತಲೂ ಚಿಕ್ಕದು! ಗೋವಾ, ಸಿಕ್ಕಿಂಗಳನ್ನು ಬಿಟ್ಟರೆ ದೇಶದಲ್ಲಿ ಅತಿ ಸಣ್ಣ ರಾಜ್ಯ. ಮೂರು ದಿಕ್ಕುಗಳಲ್ಲಿ ಬಾಂಗ್ಲಾದೇಶ, ಪೂರ್ವಕ್ಕೆ ಅಸ್ಸಾಂ ಮತ್ತು ಮಿಜೋರಾಂ. ಮಾಣಿಕ್ಯ ವಂಶದ ಅರಸರು ಆಳಿದ ಈ ಸಂಸ್ಥಾನವು 1949ರ ಅಕ್ಟೋಬರಿನಲ್ಲಿ ಭಾರತದೊಡನೆ ವಿಲೀನವಾಗಿ, 1972ರಲ್ಲಿ ಪೂರ್ಣ ರಾಜ್ಯವಾಯಿತು. ನಮ್ಮವರು ಕಾಶಿ, ಕೇದಾರಗಳಿಗೆ ಹೋಗುತ್ತಾರೆ. ಈಚೆಗೆ ಕೆಲವರು ಸಿಕ್ಕಿಂ, ಮೇಘಾಲಯಗಳನ್ನೂ ನೋಡಿ ಬಂದಿದ್ದಾರೆ. ತ್ರಿಪುರಕ್ಕೆ ಹೋಗಿಬಂದವರನ್ನು ನಾನು ದಾವಣಗೆರೆಯಲ್ಲಿ ವಿಚಾರಿಸಿದಾಗ ಸಿಕ್ಕವರು ಇಬ್ಬರೇ. ಇಬ್ಬರೂ ಗಡಿ ಭದ್ರತಾ ಪಡೆಯಲ್ಲಿದ್ದು ನಿವೃತ್ತರಾದವರು.

ವಾಹನ ನಡೆಸದವರಿಗೆ ಸಣ್ಣ ರಾಜ್ಯವು ಒದಗಿಬರುವ ಬಗೆಯನ್ನು ನಕಾಶೆ ಬಿಡಿಸಿದ ಮೇಲೆಯೇ ನಾನು ಅರಿತದ್ದು. ತ್ರಿಪುರದ ಈಶಾನ್ಯ ಮೂಲೆಯಲ್ಲಿ ಧರ್ಮನಗರ. ಅಲ್ಲಿಂದ ರೈಲು ಹಾದಿಯು ಕುಮಾರಘಾಟ, ಅಂಬಾಸಾ, ತೇಲಿಯಾಮುರಾಗಳನ್ನು ಹಾದು ಅಗರ್ತಲಾಕ್ಕೆ ಬರುತ್ತದೆ. ಅಗರ್ತಲಾದಿಂದ ದಕ್ಷಿಣಕ್ಕೆ ತಿರುಗಿ ಉದಯಪುರ, ಬೆಲೋನಿಯಾಗಳ ಮೂಲಕ ಕಟ್ಟಕಡೆಯ ಸಬ್ರೂಮ್ ತಲುಪುತ್ತದೆ. ಅಗರ್ತಲಾಕ್ಕೆ ಮೀಟರ್‌ಗೇಜ್ ರೈಲು ಬಂದದ್ದೇ 2008ರಲ್ಲಿ. 2016ರಲ್ಲಿ ಬ್ರಾಡ್‌ಗೇಜ್ ಪ್ರಯಾಣಿಕರ ರೈಲುಗಳು ಓಡತೊಡಗಿದವು. 2019ರಲ್ಲಿ ಹಾದಿ ಸಬ್ರೂಮ್ ಮುಟ್ಟಿತು. ನಾವು ನೋಡಬೇಕೆಂದುಕೊಂಡ ಸ್ಥಳಗಳೆಲ್ಲವೂ ಈ ಒಂದೇ ಗೆರೆಯ ಅಕ್ಕಪಕ್ಕದಲ್ಲಿಯೇ ಇದ್ದವು. ಆದಕಾರಣ ನಾನು ಮಾಡಿದ ಯೋಜನೆ ಇಷ್ಟೇ: ಎರಡೇ ಊರುಗಳಲ್ಲಿ ವಾಸ್ತವ್ಯ, ದಿನಕ್ಕೆ ಒಂದೇ ಸ್ಥಳ, ದೂರಕ್ಕೆ ರೈಲು, ಹತ್ತಿರಕ್ಕೆ ಆಟೋ. ಏಳು ದಿನಗಳಲ್ಲಿ ಹನ್ನೆರಡು ಸ್ಥಳ ತೋರಿಸುವ ಪ್ರವಾಸ ಸಂಸ್ಥೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ನಾಗಾಲ್ಯಾಂಡ್, ಮಿಜೋರಾಂಗಳಿಗೆ ಬೇಕಾಗುವ ಒಳಗಡಿ ಪರವಾನಗಿ ತ್ರಿಪುರಕ್ಕೆ ಬೇಕಿಲ್ಲವಾದ್ದರಿಂದ ಕಚೇರಿಗಳಿಗೆ ಅಲೆಯುವ ಕಷ್ಟವೂ ಇರಲಿಲ್ಲ.

ಟಿಕೇಟಿನ ವಿಚಾರದಲ್ಲಿ ಎರಡು ಮಾತು. ಹಿರಿಯ ನಾಗರಿಕರಿಗಿದ್ದ ದರದ ರಿಯಾಯಿತಿಯನ್ನು ರೈಲ್ವೆಯವರು 2020ರ ಮಾರ್ಚಿನಲ್ಲಿ ನಿಲ್ಲಿಸಿದರು. ಆದರೆ ಕೆಳಗಿನ ಬರ್ತಿನ ಮೀಸಲು ನಿಂತಿಲ್ಲ. ಅರವತ್ತು ದಾಟಿದ ಪುರುಷರಿಗೂ, ನಲವತ್ತೈದು ದಾಟಿದ ಮಹಿಳೆಯರಿಗೂ ಅದು ಅನ್ವಯಿಸುತ್ತದೆ. ಒಂದು ಟಿಕೇಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಈ ಸೌಲಭ್ಯ ದೊರೆಯದು. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಒಂದೇ ಟಿಕೇಟಿನಲ್ಲಿ ಸೇರಿಸಿ, ಆಮೇಲೆ ಅಜ್ಜನಿಗೆ ಮೇಲಿನ ಬರ್ತು ಬಂತೆಂದು ಪರಿತಪಿಸುವವರು ಇದನ್ನು ಗಮನಿಸಬೇಕು. ಇನ್ನೊಂದು, 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆಯು ಅರವತ್ತು ದಿನಗಳಿಗೆ ಇಳಿದಿದೆ. ಈ ಹಮ್‌ಸಫರ್ ರೈಲು ದಿನವೂ ಇಲ್ಲ, ವಾರಕ್ಕೆ ಎರಡೇ ಸಲ. ಆದ್ದರಿಂದ ಅರವತ್ತನೆಯ ದಿನದ ಬೆಳಿಗ್ಗೆಯೇ ಕುಳಿತುಕೊಳ್ಳುವುದು ಕ್ಷೇಮ.

ಹೊರಟದ್ದು ಡಿಸೆಂಬರಿನಲ್ಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹುರಿದ ಅವಲಕ್ಕಿ. ಇನ್ಸುಲಿನ್ನಿಗೆ ತಂಪು ಕಾಯುವ ಫ್ಲಾಸ್ಕು. ನಿತ್ಯದ ಲಿಂಗಪೂಜೆಗೆ ರೈಲಿನಲ್ಲಿ ಅನುಕೂಲವಾಗುವುದೇ ಎಂದು ಅನೇಕರು ಕೇಳುತ್ತಾರೆ. ನಡುವಿನ ಬರ್ತಿನವರು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಲಗುವ ಹಕ್ಕುಳ್ಳವರು; ಆರರ ನಂತರ ವಿನಯದಿಂದ ಕೇಳಿಕೊಂಡರೆ ಬರ್ತನ್ನು ಇಳಿಸಿ ಸ್ಥಳ ಮಾಡಿಕೊಡುತ್ತಾರೆ. ನಮ್ಮ ನಡುವಿನ ಬರ್ತಿನ ತರುಣನು ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು. ಮೊದಲ ದಿನ ಕೇಳಿಕೊಂಡೆವು. ಮಾರನೆಯ ದಿನದಿಂದ ತಾನಾಗಿಯೇ ಇಳಿದು, ಪೂಜೆ ಮುಗಿಯುವವರೆಗೆ ಬಾಗಿಲ ಬಳಿ ನಿಂತಿರುತ್ತಿದ್ದನು. ಆ ಬೋಗಿಯಲ್ಲಿ ಪ್ರವಾಸಿಗಳೆಂದರೆ ನಾವಿಬ್ಬರೇ ಇದ್ದಂತೆ ತೋರಿತು. ಉಳಿದವರೆಲ್ಲ ಊರಿಗೆ ಹಿಂತಿರುಗುವ ಕೂಲಿಕಾರರು, ದಾದಿಯರು, ಕಾವಲುಗಾರರು, ರಜೆ ಪಡೆದ ಸೈನಿಕರು.

ಆಂಧ್ರದ ಕರಾವಳಿ, ಒಡಿಶಾ, ಬಂಗಾಳಗಳನ್ನು ದಾಟಿ, ನ್ಯೂ ಜಲ್ಪೈಗುರಿಯಿಂದ ಪೂರ್ವಕ್ಕೆ ತಿರುಗಿ, ಗುವಾಹಟಿ ಬಳಸಿ ರೈಲು ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಈ ಸುತ್ತಿಗೆ ಕಾರಣ 1947ರ ವಿಭಜನೆ. ನೇರ ಹಾದಿಯು ಅಂದು ಪೂರ್ವ ಪಾಕಿಸ್ತಾನವಾದ, ಇಂದಿನ ಬಾಂಗ್ಲಾದೇಶದ ನೆಲದಲ್ಲಿದೆ; ಆ ಮಾರ್ಗವಾಗಿ ಕೋಲ್ಕತ್ತದಿಂದ ಅಗರ್ತಲಾ ಈಗಿನ ದೂರದ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅಸ್ಸಾಮಿನ ಲುಮ್‌ಡಿಂಗ್‌ನಿಂದ ಬದರ್‌ಪುರದವರೆಗಿನ ಬೆಟ್ಟದ ಹಾದಿ ಸುರಂಗಗಳಿಂದಲೂ ಎತ್ತರದ ಸೇತುವೆಗಳಿಂದಲೂ ಕೂಡಿದ್ದು, ನೋಡಲು ಬಹು ರಮ್ಯ. ಆದರೆ ಮಳೆಗಾಲದಲ್ಲಿ ಇದನ್ನು ನಂಬಕೂಡದು. 2022ರ ಮೇ ತಿಂಗಳಲ್ಲಿ ಭೂಕುಸಿತದಿಂದ ನ್ಯೂ ಹಾಫ್ಲಾಂಗ್ ನಿಲ್ದಾಣವೇ ಕೆಸರಿನಲ್ಲಿ ಹೂತುಹೋಗಿ, ಎರಡು ತಿಂಗಳ ಕಾಲ ರೈಲುಗಳು ನಿಂತಿದ್ದವು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಯೋಗ್ಯ.

ಅಗರ್ತಲಾದಲ್ಲಿ ಒಂದು ದಿನ ಏನೂ ಮಾಡದೆ ಮಲಗಿದೆವು. ಮೂರು ರಾತ್ರಿಗಳ ಪ್ರಯಾಣದ ಮೇಲೆ ಹಿರಿಯರಿಗೆ ಇದು ಅವಶ್ಯ. ಯೋಜನೆಯಲ್ಲಿ ಈ ಒಂದು ದಿನವನ್ನು ಕಡಿತ ಮಾಡಬೇಡಿರಿ. ಊರೊಳಗೆ ಬ್ಯಾಟರಿ ರಿಕ್ಷಾಗಳು ಧಾರಾಳವಾಗಿ ಸಿಗುತ್ತವೆ. ನಡುಮಧ್ಯದಲ್ಲಿರುವ ಉಜ್ಜಯಂತ ಅರಮನೆಯನ್ನು ಮಹಾರಾಜ ರಾಧಾಕಿಶೋರ ಮಾಣಿಕ್ಯರು 1899ರಿಂದ 1901ರ ಅವಧಿಯಲ್ಲಿ ಕಟ್ಟಿಸಿದರು. ಅದಕ್ಕೆ ಮೊದಲಿನ ಅರಮನೆ 1897ರ ಮಹಾ ಭೂಕಂಪದಲ್ಲಿ ಹಾಳಾಗಿತ್ತು. ಈಗ ಅದು ರಾಜ್ಯದ ವಸ್ತುಸಂಗ್ರಹಾಲಯ.

ದಕ್ಷಿಣದ ಕಡೆಗೆ ಹೋಗುವ ಬಸ್ಸು, ಜೀಪುಗಳು ನಾಗೇರಜಲಾ ಎಂಬ ನಿಲ್ದಾಣದಿಂದ ಹೊರಡುತ್ತವೆ. ಅಲ್ಲಿಂದ ಮೇಲಾಘರಕ್ಕೆ ಹೋದರೆ ರುದ್ರಸಾಗರವೆಂಬ ಸರೋವರ. ಅದರ ನಡುವೆ ನೀರಮಹಲ್. ಮಹಾರಾಜ ಬೀರಬಿಕ್ರಮ ಕಿಶೋರ ಮಾಣಿಕ್ಯರು 1930ರಲ್ಲಿ ಪ್ರಾರಂಭಿಸಿದ ಈ ಬೇಸಿಗೆಯ ಅರಮನೆ 1938ರಲ್ಲಿ ಮುಗಿಯಿತು. ದೋಣಿಯಿಂದಲ್ಲದೆ ತಲುಪಲಾಗದು. ದೋಣಿ ಹತ್ತುವಾಗ ಯಜಮಾನರು ತಡವರಿಸಿದರು. ಅಂಬಿಗನು ಕೈಹಿಡಿದದ್ದು ಅವರಿಗೆ ಹಿಡಿಸಲಿಲ್ಲ. ನೀರಿನ ನಡುವೆ ಬಂದ ಮೇಲೆ ಮಾತ್ರ, ತ್ರಿಪುರದ ರಾಜಮನೆತನದವರೇ ಆದ ಸಚಿನ್ ದೇವ್ ಬರ್ಮನ್ ಅವರ ಹಾಡೊಂದನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಬಿಳಿಯ ಅರಮನೆ ದೊಡ್ಡದಾದ್ದರಿಂದ ಅವರಿಗೆ ದೂರದಿಂದಲೇ ಕಂಡಿತು.

ಮರುದಿನ ರೈಲಿನಲ್ಲಿ ಉದಯಪುರ. ಹೆಸರು ಕೇಳಿ ರಾಜಸ್ಥಾನವನ್ನು ನೆನೆಯಬೇಡಿರಿ. ಇದು ಗೋಮತೀ ನದಿಯ ದಡದ, ತ್ರಿಪುರದ ಹಳೆಯ ರಾಜಧಾನಿ. ಊರಿನ ಹೊರಗಿನ ಮಾತಾಬಾಡಿಯಲ್ಲಿ ಮಹಾರಾಜ ಧನ್ಯ ಮಾಣಿಕ್ಯನು 1501ರಲ್ಲಿ ಕಟ್ಟಿಸಿದ ತ್ರಿಪುರಸುಂದರಿಯ ಗುಡಿ. ಆಮೆಯ ಬೆನ್ನಿನಂತಿರುವ ಗುಡ್ಡ, ಹಿಂದಿನ ಕಲ್ಯಾಣಸಾಗರ ಕೆರೆಯಲ್ಲಿ ನಿಜವಾದ ಆಮೆಗಳು. ಇಲ್ಲಿಯ ಪೇಡೆ ಪ್ರಸಿದ್ಧ. ಒಂದು ಸಂಗತಿಯನ್ನು ಮುಂಚಿತವಾಗಿಯೇ ತಿಳಿಸುವುದು ನನ್ನ ಕರ್ತವ್ಯ: ಈ ಗುಡಿಯಲ್ಲಿ ಮೇಕೆಯ ಬಲಿ ಬಹುಕಾಲದ ರೂಢಿ. 2019ರಲ್ಲಿ ತ್ರಿಪುರದ ಉಚ್ಚ ನ್ಯಾಯಾಲಯವು ರಾಜ್ಯದ ಗುಡಿಗಳಲ್ಲಿ ಬಲಿಯನ್ನು ನಿಷೇಧಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ನಮ್ಮಂಥ ಮನೆತನದವರಿಗೆ ಇದು ಸಹಿಸಲಾಗದ ನೋಟವಾದ್ದರಿಂದ, ನಾನು ಕೆರೆಯ ಬದಿಯಲ್ಲಿಯೇ ಉಳಿದು, ಆಮೆಗಳಿಗೆ ಮಂಡಕ್ಕಿ ಹಾಕುವ ಮಕ್ಕಳನ್ನು ನೋಡುತ್ತ ಕುಳಿತೆ. ಇದೇ ಊರಿನಲ್ಲಿ ಭುವನೇಶ್ವರಿಯ ಹಳೆಯ ಗುಡಿಯೊಂದಿದೆ. ಆ ಗುಡಿಯ ಬಲಿಯನ್ನು ನಿಲ್ಲಿಸಿದ ಅರಸ ಗೋವಿಂದ ಮಾಣಿಕ್ಯನ ಕಥೆಯನ್ನೇ ರವೀಂದ್ರನಾಥ ಠಾಕೂರರು 'ರಾಜರ್ಷಿ' ಕಾದಂಬರಿಯಲ್ಲಿಯೂ 'ವಿಸರ್ಜನ' ನಾಟಕದಲ್ಲಿಯೂ ಬರೆದರು. ಇದನ್ನು ಹೇಳಿದಾಗ ಯಜಮಾನರು ಆ ಗುಡಿಗೆ ಹೋಗೋಣವೆಂದು ತಾವೇ ಆಟೋ ಕರೆದರು.

ಊಟದ ವಿಷಯ ಅಲಕ್ಷಿಸತಕ್ಕದ್ದಲ್ಲ. ಅಲ್ಲಿ ಮೀನು ನಿತ್ಯಾಹಾರ. ಸಸ್ಯಾಹಾರಕ್ಕೆ ಬಂಗಾಳಿಯಲ್ಲಿ 'ನಿರಾಮಿಷ' ಎನ್ನುತ್ತಾರೆ. ನಾವು ಆಮಿಷವೆಂದರೆ ಪ್ರಲೋಭನೆ ಎಂದುಕೊಳ್ಳುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಮಾಂಸ. ಈ ಒಂದು ಪದವನ್ನು ಹೇಳಿದರೆ ಹೋಟೆಲಿನವರಿಗೆ ಅರ್ಥವಾಗುತ್ತದೆ. ಆದರೆ ಬೇಳೆಯ ಸಾರೆಂದು ನಿಶ್ಚಿಂತರಾಗಬಾರದು. ಮೀನಿನ ತಲೆ ಹಾಕಿ ಬೇಳೆ ಬೇಯಿಸುವ ಪದ್ಧತಿಯೂ ಬಂಗಾಳಿಗಳಲ್ಲುಂಟು. ಕೊಕ್‌ಬರೋಕ್ ಆಡುವ ಮೂಲನಿವಾಸಿಗಳ ಪಲ್ಯಗಳಲ್ಲಿ 'ಬೆರ್ಮಾ' ಎಂಬ ಹುಳಿಯಿಸಿದ ಒಣಮೀನು ಬೀಳುತ್ತದೆ. ತರಕಾರಿ ಕಣ್ಣಿಗೆ ಕಂಡರೂ ಕೇಳಿಯೇ ತಿನ್ನಬೇಕು. ಪ್ರತಿಸಲವೂ ಕೇಳಿದೆ, ಯಾರೂ ಬೇಸರಿಸಿಕೊಳ್ಳಲಿಲ್ಲ. ಎರಡು ದಿನ ಕೇವಲ ಅನ್ನ, ಆಲೂಗಡ್ಡೆ, ಮೊಸರು.

ಇನ್ನು ಉನಕೋಟಿ. ನಾನು ಹೊರಟದ್ದೇ ಇದಕ್ಕಾಗಿ, ತಪ್ಪಿದ್ದೂ ಇಲ್ಲಿಯೇ.

ಅಗರ್ತಲಾದಿಂದ ಹಗಲು ರೈಲಿನಲ್ಲಿ ಧರ್ಮನಗರಕ್ಕೆ ಬಂದು ಕೋಣೆ ಹಿಡಿದೆವು. ಅಲ್ಲಿಂದ ಕೈಲಾಶಹರಕ್ಕೆ ಹೋಗುವ ಬೆಟ್ಟದ ರಸ್ತೆಯಲ್ಲಿ, ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ ಈ ಕ್ಷೇತ್ರ. 'ಊನ ಕೋಟಿ' ಎಂದರೆ ಕೋಟಿಗೆ ಒಂದು ಕಡಿಮೆ. ಶಿವನು ದೇವತೆಗಳೊಡನೆ ಕಾಶಿಗೆ ಹೋಗುತ್ತ ಇಲ್ಲಿ ರಾತ್ರಿ ತಂಗಿ, ಸೂರ್ಯೋದಯಕ್ಕೆ ಮುಂಚೆ ಎಲ್ಲರೂ ಏಳಬೇಕೆಂದನಂತೆ, ಎದ್ದವನು ಶಿವನೊಬ್ಬನೇ, ಉಳಿದವರೆಲ್ಲ ಅವನ ಶಾಪದಿಂದ ಕಲ್ಲಾದರಂತೆ. ಇನ್ನೊಂದು ಕಥೆಯಲ್ಲಿ ಕಲ್ಲು ಎಂಬ ಕುಂಬಾರನು ಕೈಲಾಸಕ್ಕೆ ಹೋಗಬೇಕೆಂಬ ಆಸೆಯಿಂದ ಒಂದೇ ರಾತ್ರಿಯಲ್ಲಿ ಕೋಟಿ ಮೂರ್ತಿ ಮಾಡಲು ಕುಳಿತು, ಬೆಳಗಾಗುವಾಗ ಒಂದು ಕಡಿಮೆ ಬಿದ್ದು, ಇಲ್ಲಿಯೇ ಉಳಿದುಕೊಂಡನು. ನನಗೆ ಈ ಎರಡನೆಯ ಕಥೆಯೇ ಪ್ರಿಯ. ವಿದ್ವಾಂಸರು ಈ ಶಿಲ್ಪಗಳನ್ನು ಸಾಮಾನ್ಯವಾಗಿ ಏಳರಿಂದ ಒಂಬತ್ತನೆಯ ಶತಮಾನಗಳ ಕಾಲದವೆನ್ನುತ್ತಾರೆ. 2022ರಲ್ಲಿ ಈ ಸ್ಥಳವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಕಾಡಿನ ಕಣಿವೆಯೊಳಕ್ಕೆ ಮೆಟ್ಟಿಲುಗಳು ಇಳಿಯುತ್ತವೆ, ಏರುತ್ತವೆ, ಮತ್ತೆ ಇಳಿಯುತ್ತವೆ. ಯಜಮಾನರು ಒಂದು ಕೈ ಕಂಬಿಗೆ, ಒಂದು ಕೈ ನನ್ನ ಭುಜಕ್ಕೆ ಕೊಟ್ಟು, ಮೆಟ್ಟಿಲೆಣಿಸುತ್ತ ಬಂದರು. ಬಂಡೆಯ ಮೇಲೆ ಕೊರೆದ ಉನಕೋಟೀಶ್ವರ ಕಾಲಭೈರವನ ಮುಖ ಸುಮಾರು ಮೂವತ್ತು ಅಡಿ ಎತ್ತರ. ಅದರಲ್ಲಿ ಕಿರೀಟವೇ ಹತ್ತು ಅಡಿ. ಕಿರೀಟದ ಒಂದು ಪಕ್ಕದಲ್ಲಿ ಸಿಂಹದ ಮೇಲೆ ನಿಂತ ದುರ್ಗೆ, ಕೆಳಗೆ ಮಣ್ಣಿನಲ್ಲಿ ಅರ್ಧ ಹೂತ ಮೂರು ನಂದಿಗಳು. ಸನಿಹದಲ್ಲಿಯೇ ದೊಡ್ಡ ಗಣಪತಿ, ಅದರ ಬದಿಯಲ್ಲಿ ತೊರೆಯ ನೀರು. ಒರಟು, ಅಲಂಕಾರವಿಲ್ಲದ ಕೆಲಸ. ಹೊಯ್ಸಳರ ಕುಸುರಿಯನ್ನು ಕಂಡ ಕಣ್ಣಿಗೆ ಮೊದಲು ಇದೇನಿದು ಎನಿಸುತ್ತದೆ. ಯಜಮಾನರು ಎದುರಿಗೆ ನಿಂತು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಈ ಮುಖ ಕಾಣಿಸುತ್ತದೆ ಕಣೇ" ಎಂದರು. ಹುಬ್ಬು, ಮೂರನೆಯ ಕಣ್ಣು, ಮೀಸೆ ಎಂದು ಬೆರಳಿನಿಂದ ಗಾಳಿಯಲ್ಲಿಯೇ ತೋರಿಸಿದರು. ಆರು ತಿಂಗಳಿಂದ ಅವರಿಗೆ ಯಾರ ಮುಖವೂ ಸರಿಯಾಗಿ ಕಂಡಿರಲಿಲ್ಲ. ಮೊಮ್ಮಗಳ ಮುಖವೂ ಸಹ. ಅವರನ್ನು ಅಲ್ಲಿಂದ ಬೇಗ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ನನ್ನ ತಪ್ಪು ಇದು: ದಾವಣಗೆರೆಯ ಗಡಿಯಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ದೇಶಕ್ಕೆಲ್ಲ ಒಂದೇ ಸಮಯವಾದರೂ ಸೂರ್ಯನು ಅದನ್ನು ಪಾಲಿಸುವುದಿಲ್ಲ. ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆಯವರೆಗೆ ಬೆಳಕಿದ್ದರೆ ಅಲ್ಲಿ ಐದಕ್ಕೆ ಮುಂಚೆಯೇ ಮುಳುಗಿರುತ್ತದೆ. ಬೆಳಿಗ್ಗೆ ಹಂಚಿಕೆಯ ಜೀಪಿನಲ್ಲಿ ಬಂದಿದ್ದೆವು. ಹಿಂದಿರುಗಲು ಅದೇ ಸಿಗುವುದೆಂದು ನಂಬಿ ನಾಲ್ಕೂವರೆಗೆ ರಸ್ತೆಗೆ ಬಂದರೆ ಕತ್ತಲೆ ಕವಿಯುತ್ತಿತ್ತು. ಹಾದುಹೋದ ಎರಡು ಜೀಪುಗಳೂ ತುಂಬಿದ್ದವು. ಮೂರನೆಯದು ಬರಲೇ ಇಲ್ಲ. ಇನ್ಸುಲಿನ್ ಕೋಣೆಯಲ್ಲಿ, ಕೈಯಲ್ಲಿ ನಾಲ್ಕು ಬಿಸ್ಕತ್ತು. "ಕಾರಿದ್ದಿದ್ದರೆ..." ಎಂದು ಅವರು ಪ್ರಾರಂಭಿಸಿ ನಿಲ್ಲಿಸಿದರು. ನನಗೆ ಅಳು ಬಂತು; ಕತ್ತಲೆಯಾದ್ದರಿಂದ ತೋರಗೊಡಲಿಲ್ಲ.

ಆಗ ಹೊಳೆದದ್ದು ಬೆಂಗಳೂರಿನ ಆ ಕಾವಲಿನ ಹುಡುಗ. ಮೊಬೈಲಿನಲ್ಲಿ ಕರೆದೆ. "ಅಮ್ಮಾ, ಅಲ್ಲೇ ಇರಿ, ಅಂಗಡಿ ಹತ್ತಿರ ನಿಲ್ಲಿ" ಎಂದನು. ಅವನ ಅಣ್ಣನು ಧರ್ಮನಗರದಲ್ಲಿ ಆಟೋ ನಡೆಸುವವನಂತೆ. ಒಂದು ಗಂಟೆಯೊಳಗೆ ಅವನು ಬಂದು, ಹಿಂಬದಿಯ ಸೀಟಿನಲ್ಲಿ ಕಂಬಳಿ ಹಾಸಿ ನಮ್ಮನ್ನು ಕರೆದೊಯ್ದನು. ಬಾಡಿಗೆ ತೆಗೆದುಕೊಳ್ಳಲೊಲ್ಲನು. ಮರುದಿನ ತಾಯಿ ಊಟಕ್ಕೆ ಕರೆದಿದ್ದಾಳೆಂದು ಮಾತ್ರ ಹೇಳಿದನು. ನಮ್ಮ ನಿಯಮವನ್ನು ಸಂಕೋಚದಿಂದಲೇ ತಿಳಿಸಿದೆ. ಆ ತಾಯಿ ಹೊಸ ಮಡಕೆ ತಂದು, ನನ್ನನ್ನೇ ಒಲೆಯ ಮುಂದೆ ಕೂರಿಸಿ, ಕುಂಬಳಕಾಯಿಯ ಪಲ್ಯ ಮಾಡಿಸಿದಳು! ಅವಳಿಗೆ ಕನ್ನಡ ಬಾರದು, ನನಗೆ ಬಂಗಾಳಿ ಬಾರದು. ಮಗನು ಬೆಂಗಳೂರಿನಲ್ಲಿ ಎಲ್ಲಿ ಮಲಗುತ್ತಾನೆ, ಎಷ್ಟು ಹೊತ್ತಿಗೆ ಉಣ್ಣುತ್ತಾನೆ ಎಂದು ಕೈಸನ್ನೆಯಿಂದ ಕೇಳಿದಳು. ಎರಡು ವರ್ಷ ದಿನವೂ ಅವನನ್ನು ಕಂಡ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಈ ಒಂದನ್ನು ತಿದ್ದಿಕೊಂಡು ಓದಿರಿ. ವಾಹನ ನಡೆಸದೆ ಪ್ರವಾಸ ಮಾಡುವುದೆಂದರೆ ಬಾಡಿಗೆಯ ವಾಹನವನ್ನು ತೊರೆಯುವ ವ್ರತವಲ್ಲ. ಉನಕೋಟಿಗೆ ಇಡೀ ದಿನಕ್ಕೆ ಆಟೋ ಗೊತ್ತುಮಾಡಿಕೊಂಡು, ಅದನ್ನು ಅಲ್ಲಿಯೇ ಕಾಯಿಸಿ, ಮೂರು ಗಂಟೆಗೆ ಹೊರಟುಬಿಡಿರಿ. ಉಳಿದ ದಿನಗಳಲ್ಲಿಯೂ ನಾಲ್ಕರೊಳಗೆ ಕೋಣೆ ಸೇರುವಂತೆ ಯೋಜಿಸಿರಿ. ಬೆಳಿಗ್ಗೆ ಬೇಗ ಹೊರಡಿರಿ. ಔಷಧಿ ಯಾವಾಗಲೂ ಜೊತೆಯಲ್ಲಿಯೇ ಇರಲಿ. ಚೈತ್ರದ ಅಶೋಕಾಷ್ಟಮಿಯಂದು ಉನಕೋಟಿಯಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಗಟ್ಟಿಗರು ಹೋಗಬಹುದು, ಹಿರಿಯರಿಗೆ ಆ ಮೆಟ್ಟಿಲುಗಳ ಮೇಲಿನ ನೂಕುನುಗ್ಗಲು ಬೇಡ. ಹೋಗುವಾಗ ರೈಲು, ಬರುವಾಗ ಅಗರ್ತಲಾದಿಂದ ಕೋಲ್ಕತ್ತದ ಮೂಲಕ ವಿಮಾನವೆಂದರೆ ದೇಹಕ್ಕೂ ಹಗುರ. ನಾವು ಹಾಗೆಯೇ ಮಾಡಿದೆವು.

ಬೆಂಗಳೂರು ತಲುಪಿದಾಗ ರಾತ್ರಿ ಹನ್ನೊಂದು. ಆ ಹುಡುಗನ ರಾತ್ರಿ ಪಾಳಿ. ಯಜಮಾನರು ನನಗಿಂತ ಮೊದಲೇ ಇಳಿದು, ಅವನ ತಾಯಿ ಕೊಟ್ಟ ಗಂಟನ್ನೂ ಮಾತಾಬಾಡಿಯ ಪೇಡೆಯ ಪೊಟ್ಟಣವನ್ನೂ ಅವನ ಕೈಗಿತ್ತು, ಗೇಟಿನ ಬಳಿಯ ತಮ್ಮ ಕುರ್ಚಿಯಲ್ಲಿ ಕುಳಿತುಬಿಟ್ಟರು. "ನಿಮ್ಮ ಅಣ್ಣ ಆಟೋ ಚೆನ್ನಾಗಿ ನಡೆಸುತ್ತಾನಪ್ಪ. ಆದರೆ ತಿರುವಿನಲ್ಲಿ ಹಾರ್ನ್ ಹೊಡೆಯುವುದಿಲ್ಲ. ಅವನಿಗೆ ಹೇಳು" ಎಂದರು.